ಜೀರ್ಣೋದ್ಧಾರಕ್ಕೂ ದತ್ತಿ ಬೇಕು

ಹೊಸದನ್ನು ಕಟ್ಟುವವನಿಗೆ ದೊರೆಯುವ ಕೀರ್ತಿಯಲ್ಲಿ ನೂರರಲ್ಲೊಂದು ಪಾಲೂ ಇದ್ದದ್ದನ್ನು ಉಳಿಸಿಕೊಂಡು ಬರುವವನಿಗೆ ದೊರೆಯುವುದಿಲ್ಲವೆಂಬುದು ಎಲ್ಲ ಕ್ಷೇತ್ರಗಳಲ್ಲಿಯೂ ಕಾಣಬರುವ ಸಂಗತಿಯೇ ಆದರೂ, ಗಣಕಯಂತ್ರದ ತಂತ್ರಾಂಶಗಳ ಪ್ರಪಂಚದಲ್ಲಿ ಈ ಅನ್ಯಾಯವು ಎಷ್ಟರಮಟ್ಟಿಗೆ ಬೆಳೆದಿದೆಯೆಂಬುದನ್ನು ಹೊರಗಿನವರು ಸಾಮಾನ್ಯವಾಗಿ ಊಹಿಸಲಾರರು. ತಂತ್ರಾಂಶಕ್ಕೆ ತುಕ್ಕು ಹಿಡಿಯುವುದಿಲ್ಲ, ಗೆದ್ದಲು ಹತ್ತುವುದಿಲ್ಲ, ಮಳೆಬಿಸಿಲುಗಳ ಬಾಧೆಯಿಲ್ಲ. ಹತ್ತು ವರ್ಷಗಳ ಹಿಂದೆ ಬರೆದಿಟ್ಟ ಸಾಲುಗಳು ಇಂದಿಗೂ ಒಂದಕ್ಷರ ತಪ್ಪದೆ ಹಾಗೆಯೇ ಇರುತ್ತವೆ. ಆದುದರಿಂದ ಒಮ್ಮೆ ಸರಿಯಾಗಿ ಬರೆದ ಪ್ರೋಗ್ರಾಂ ಚಿರಕಾಲ ತಾನಾಗಿಯೇ ನಡೆದುಕೊಂಡು ಹೋಗುತ್ತದೆಂದು ಭಾವಿಸುವುದು ಸಹಜವೇ. ಆದರೆ ಪ್ರೋಗ್ರಾಂ ಬರೆಯಲ್ಪಟ್ಟ ಭಾಷೆ, ಅದು ಆಶ್ರಯಿಸಿರುವ ಲೈಬ್ರರಿಗಳೆಂಬ ಸಿದ್ಧ ಕೋಡಿನ ಸಂಗ್ರಹಗಳು, ಅದನ್ನು ನಡೆಸುವ ಯಂತ್ರ, ಇವೆಲ್ಲವೂ ಕಾಲಕಾಲಕ್ಕೆ ಬದಲಾಗುತ್ತಿರುವುದರಿಂದ, ತಾನು ಸ್ವಲ್ಪವೂ ಕೆಡದೆ ಇದ್ದಲ್ಲಿಯೇ ಇದ್ದ ಪ್ರೋಗ್ರಾಂ ಒಂದು ದಿನ ಹಠಾತ್ತಾಗಿ ನಿಂತುಹೋಗುತ್ತದೆ. ಅದನ್ನು ಹೊಸ ನೆಲೆಗೆ ಒಗ್ಗಿಸಿ ಮತ್ತೆ ನಡೆಯುವಂತೆ ಮಾಡುವ ಕೆಲಸಕ್ಕೆ ಆ ವೃತ್ತಿಯವರು ಪೋರ್ಟಿಂಗ್ ಎನ್ನುತ್ತಾರೆ. ಈ ಕೆಲಸದ ಗೌರವವನ್ನೂ ಅದರ ವೆಚ್ಚವನ್ನು ಹೊರಬೇಕಾದವರ ಕರ್ತವ್ಯವನ್ನೂ ಪೈಥಾನ್ ಭಾಷೆಯ ನಿದರ್ಶನದಿಂದ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಪೈಥಾನ್ ಭಾಷೆಯು ನೆದರ್ಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದ ಗಣಿತ ಮತ್ತು ಗಣಕವಿಜ್ಞಾನ ಸಂಶೋಧನಾ ಕೇಂದ್ರವೊಂದರಲ್ಲಿ ಕೆಲಸಮಾಡುತ್ತಿದ್ದ ಗೈಡೋ ವಾನ್ ರಾಸಮ್ ಎಂಬವರು 1989ರ ಡಿಸೆಂಬರಿನಲ್ಲಿ ಆರಂಭಿಸಿ 1991ರಲ್ಲಿ ಪ್ರಕಟಿಸಿದ ಕೃತಿ. ಓದುವುದಕ್ಕೆ ಸುಲಭ, ಕಲಿಯುವುದಕ್ಕೆ ಸರಳ, ಯಾರು ಬೇಕಾದರೂ ಪಡೆದು ತಿದ್ದಿ ಹಂಚಬಹುದಾದ ಓಪನ್ ಸೋರ್ಸ್ ಸ್ವತ್ತು ಎಂಬ ಮೂರು ಗುಣಗಳಿಂದ ಅದು ವಿಜ್ಞಾನಿಗಳ ಪ್ರಯೋಗಶಾಲೆಯಿಂದ ಶಾಲಾಮಕ್ಕಳ ಪಠ್ಯದವರೆಗೂ, ಬ್ಯಾಂಕಿನ ಲೆಕ್ಕದಿಂದ ಇಂದಿನ ಕೃತಕ ಬುದ್ಧಿಮತ್ತೆಯವರೆಗೂ ವ್ಯಾಪಿಸಿತು. ನಮ್ಮ ದೇಶದ ಪೈಥಾನ್ ಬಳಕೆದಾರರ ಮೊದಲ ರಾಷ್ಟ್ರೀಯ ಸಮ್ಮೇಳನವು 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ ನಡೆಯಿತು. ಇಷ್ಟು ಜನರು ಇಷ್ಟು ಕಾರ್ಯಗಳಿಗೆ ನೆಚ್ಚಿಕೊಂಡಿದ್ದ ಭಾಷೆಯೊಂದು, ತನ್ನ ಹಿಂದಿನ ರೂಪದಲ್ಲಿ ಬರೆದ ಪ್ರೋಗ್ರಾಂಗಳು ಹೊಸ ರೂಪದಲ್ಲಿ ಇದ್ದಂತೆಯೇ ನಡೆಯುವುದಿಲ್ಲವೆಂದು ತಿಳಿದೂ ತಿಳಿದೂ 2008ರ ಡಿಸೆಂಬರ್ 3ರಂದು ತನ್ನ ಮೂರನೆಯ ಆವೃತ್ತಿಯನ್ನು ಹೊರತಂದಿತು. ಹಳೆಯದನ್ನು ಮುರಿಯದೆ ಹೊಸದನ್ನು ಸೇರಿಸುವುದೇ ಭಾಷಾನಿರ್ಮಾಪಕರ ಸಾಮಾನ್ಯ ಸಂಪ್ರದಾಯವಾಗಿರಲಾಗಿ, ಈ ಸಾಹಸಕ್ಕೆ ಕಾರಣವೇನಿತ್ತೆಂದು ಕೇಳಬೇಕಾದದ್ದೇ.

ಕಾರಣವಿತ್ತು, ಅದು ಕನ್ನಡಿಗರಿಗೆ ಬೇರೆ ಯಾರಿಗಿಂತಲೂ ಬೇಗ ಅರ್ಥವಾಗತಕ್ಕದ್ದು. ಪೈಥಾನ್ ಹುಟ್ಟಿದ ಕಾಲದಲ್ಲಿ ಅಕ್ಷರವೆಂದರೆ ಇಂಗ್ಲಿಷಿನ ಅಕ್ಷರ, ಒಂದಕ್ಷರಕ್ಕೆ ಗಣಕದ ಒಂದು ಬೈಟ್ ಎಂಬ ಭಾವನೆಯು ಪ್ರಶ್ನಾತೀತವಾಗಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಸ್ಥಾನ ಕೊಡುವ ಯೂನಿಕೋಡ್ ವ್ಯವಸ್ಥೆಯು ಬಂದ ಮೇಲೆ, 2000ದಲ್ಲಿ ಹೊರಬಂದ ಎರಡನೆಯ ಆವೃತ್ತಿಯಲ್ಲಿ ಅದಕ್ಕೆ ಒಂದು ಪ್ರತ್ಯೇಕ ಪಂಕ್ತಿಯನ್ನು ಹಾಕಿಕೊಟ್ಟರೇ ಹೊರತು, ಪಠ್ಯವನ್ನು ಹಿಡಿದಿಡುವ ಸಾಮಾನ್ಯ ಸ್ಟ್ರಿಂಗ್ ಹಿಂದಿನಂತೆ ಬೈಟುಗಳ ಸಾಲಾಗಿಯೇ ಉಳಿಯಿತು. ಅದರ ಫಲವಾಗಿ ‘ಕನ್ನಡ’ ಎಂಬ ಪದದ ಉದ್ದವೆಷ್ಟೆಂದು ಎರಡನೆಯ ಪೈಥಾನನ್ನು ಕೇಳಿದರೆ, ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಸಂಕೇತಪದ್ಧತಿಯಲ್ಲಿ, ಅದು 15 ಎಂದು ಉತ್ತರಿಸುತ್ತಿತ್ತು. ಏಕೆಂದರೆ ಕ, ನ, ಹಲಂತಚಿಹ್ನೆ, ಮತ್ತೊಂದು ನ, ಡ ಎಂಬ ಐದು ಸಂಕೇತಗಳಲ್ಲಿ ಒಂದೊಂದೂ ಮೂರು ಮೂರು ಬೈಟುಗಳನ್ನು ಆಕ್ರಮಿಸುತ್ತದೆ. ಮೊದಲ ಅಕ್ಷರವನ್ನು ಕೊಡೆಂದು ಕೇಳಿದರೆ, ‘ಕ’ಕಾರದ ಮೂರರಲ್ಲೊಂದು ಭಾಗವನ್ನು, ಅಂದರೆ ಯಾವ ಲಿಪಿಯಲ್ಲಿಯೂ ಅಕ್ಷರವಲ್ಲದ ಒಂದು ತುಣುಕನ್ನು, ಅದು ನಿಸ್ಸಂಕೋಚವಾಗಿ ಮುಂದೆ ಹಿಡಿಯುತ್ತಿತ್ತು. ಪ್ರೋಗ್ರಾಮಿನ ಕಡತದಲ್ಲಿ ಸಂಕೇತಪದ್ಧತಿಯನ್ನು ಮೊದಲೇ ಘೋಷಿಸದೆ ಕನ್ನಡದಲ್ಲಿ ಒಂದು ಟಿಪ್ಪಣಿಯನ್ನು ಬರೆದರೂ, ಗಣಕಕ್ಕೆ ಸಂಬಂಧವೇ ಇಲ್ಲದ ಆ ಟಿಪ್ಪಣಿಯ ದೆಸೆಯಿಂದಲೇ ಇಡೀ ಪ್ರೋಗ್ರಾಂ ಮೊದಲ ಹೆಜ್ಜೆಯಲ್ಲಿಯೇ ನಿಂತುಹೋಗುತ್ತಿತ್ತು.

ಇದಕ್ಕಿಂತಲೂ ಕ್ಲೇಶಕರವಾದದ್ದು ಬೈಟುಗಳ ಸ್ಟ್ರಿಂಗ್ ಮತ್ತು ಯೂನಿಕೋಡ್ ಸ್ಟ್ರಿಂಗ್ ಒಂದಕ್ಕೊಂದು ಬೆರೆತಾಗ ಒದಗುತ್ತಿದ್ದ ವಿಪತ್ತು. ಇಂಗ್ಲಿಷ್ ಅಕ್ಷರಗಳಿದ್ದಷ್ಟು ಹೊತ್ತು ಎರಡನ್ನೂ ಪೈಥಾನ್ ಸದ್ದಿಲ್ಲದೆ ಬೆಸೆಯುತ್ತಿತ್ತು. ಕನ್ನಡವೋ ಹಿಂದಿಯೋ ಅರಬ್ಬಿಯೋ ಒಂದು ಹೆಸರು ಒಳಗೆ ಬಂದೊಡನೆ ದೋಷಸೂಚನೆಯನ್ನು ಕಾರಿ ಕೈಚೆಲ್ಲುತ್ತಿತ್ತು. ಪರೀಕ್ಷೆಮಾಡುವವರು ಇಂಗ್ಲಿಷ್ ಹೆಸರುಗಳಿಂದಲೇ ಪರೀಕ್ಷೆಮಾಡಿ ಎಲ್ಲ ಸರಿಯಿದೆಯೆಂದು ಒಪ್ಪಿಸಿದ ತಂತ್ರಾಂಶವು, ದೂರದ ಯಾವುದೋ ಊರಿನಲ್ಲಿ ಒಬ್ಬಾತನು ತನ್ನ ಹೆಸರನ್ನು ತನ್ನ ಲಿಪಿಯಲ್ಲಿ ಬರೆದ ಕ್ಷಣದಲ್ಲಿ ಬಿದ್ದುಹೋಗುವುದೆಂದರೆ, ಆ ದೋಷದ ಭಾರವೆಲ್ಲ ಇಂಗ್ಲಿಷೇತರರ ತಲೆಯಮೇಲೆಯೇ ಬಿದ್ದಂತಾಯಿತು. ಮೂರನೆಯ ಆವೃತ್ತಿಯು ಪಠ್ಯವೇ ಬೇರೆ, ಬೈಟೇ ಬೇರೆ ಎಂದು ಗೆರೆಯೆಳೆದು, ಒಂದರಿಂದ ಇನ್ನೊಂದಕ್ಕೆ ದಾಟುವವನು ಯಾವ ಸಂಕೇತಪದ್ಧತಿಯಲ್ಲಿ ದಾಟುತ್ತಿರುವನೆಂಬುದನ್ನು ಬಾಯಿಬಿಟ್ಟು ಹೇಳತಕ್ಕದ್ದೆಂದು ವಿಧಿಸಿತು. ಅಂದಿನಿಂದ ‘ಕನ್ನಡ’ದ ಉದ್ದ 5 ಆಯಿತು, ಓದುಗನು ಎಣಿಸುವ ಮೂರಕ್ಷರಗಳಿಗೆ ಅದು ಇನ್ನೂ ಇಳಿದಿಲ್ಲವಾದರೂ, ಬೈಟುಗಳ ಗೊಂದಲದಿಂದ ಲಿಪಿಯ ಪ್ರಾಂತಕ್ಕೆ ಬಂದು ಸೇರಿತು. ಪ್ರೋಗ್ರಾಮಿನೊಳಗಿನ ಹೆಸರುಗಳನ್ನು ಸಹ ಕನ್ನಡದಲ್ಲಿಯೇ ಇಡಲು ಈಗ ಅಡ್ಡಿಯಿಲ್ಲ. ಆದುದರಿಂದ ಬದಲಾವಣೆ ಬೇಕಾಗಿತ್ತೆ ಎಂಬ ಪ್ರಶ್ನೆಗೆ, ಬೇಕಾಗಿತ್ತೆಂದೇ ನಾನು ನಿಸ್ಸಂದೇಹವಾಗಿ ಉತ್ತರಿಸುವೆನು.

ಆದರೆ ಬದಲಾವಣೆಯು ಯೋಗ್ಯವಾಗಿದ್ದ ಮಾತ್ರಕ್ಕೆ ಅದನ್ನು ತಂದ ಕ್ರಮವೂ ಯೋಗ್ಯವಾಗಿತ್ತೆನ್ನಲಾಗದು. ಹಳೆಯ ರೂಪದಿಂದ ಹೊಸ ರೂಪಕ್ಕೆ ತರ್ಜುಮೆಮಾಡುವ ಉಪಕರಣವೊಂದನ್ನು ಪೈಥಾನಿನವರೇ ಒದಗಿಸಿದ್ದರು. ಪ್ರತಿಯೊಬ್ಬನೂ ತನ್ನ ಪ್ರೋಗ್ರಾಮನ್ನು ಅದರ ಮೂಲಕ ಹಾಯಿಸಿ ಒಂದೇ ನೆಗೆತಕ್ಕೆ ಆಚೆ ದಡವನ್ನು ಸೇರುವನೆಂದು ಎಣಿಸಿದ್ದರು. ಮುದ್ರಿಸೆಂದು ಹೇಳುವ ‘ಪ್ರಿಂಟ್’ ಪದದ ಮುಂದೆ ಆವರಣಚಿಹ್ನೆಗಳನ್ನು ಹಾಕುವಂಥ ಯಾಂತ್ರಿಕವಾದ ಕೆಲಸವನ್ನು ಆ ಉಪಕರಣವು ಚೆನ್ನಾಗಿಯೇ ಮಾಡುತ್ತಿತ್ತು. ಆದರೆ ಇಲ್ಲಿರುವ ಸ್ಟ್ರಿಂಗ್ ಮನುಷ್ಯನು ಓದುವ ಪಠ್ಯವೋ, ಚಿತ್ರದ ಅಥವಾ ಜಾಲಸಂದೇಶದ ಬೈಟುಗಳೋ ಎಂಬುದು ಅದನ್ನು ಬರೆದವನ ಮನಸ್ಸಿನಲ್ಲಿತ್ತೇ ಹೊರತು ಬರೆದ ಸಾಲಿನಲ್ಲಿರಲಿಲ್ಲ. ಸಾಲಿನಲ್ಲಿಲ್ಲದ್ದನ್ನು ಯಂತ್ರವು ಹೇಗೆ ಓದೀತು? ಭಾಗಾಕಾರದ ವಿಷಯವೂ ಹಾಗೆಯೇ. 7ನ್ನು 2ರಿಂದ ಭಾಗಿಸಿದರೆ ಹಳೆಯ ಪೈಥಾನ್ 3 ಎಂದು ಹೇಳಿ ಶೇಷವನ್ನು ಕೈಬಿಡುತ್ತಿತ್ತು, ಹೊಸದು 3.5 ಎನ್ನುತ್ತದೆ. ಹೊಸದರ ಉತ್ತರವು ಶಾಲಾಬಾಲಕನಿಗೂ ಒಪ್ಪಿಗೆಯಾಗುವಂಥದು ನಿಜ. ಆದರೆ ಶೇಷವನ್ನು ಕೈಬಿಡುವುದನ್ನೇ ನೆಚ್ಚಿ ಪುಟಗಳನ್ನೂ ಸಾಲುಗಳನ್ನೂ ಎಣಿಸುತ್ತಿದ್ದ ಪ್ರೋಗ್ರಾಮಿನಲ್ಲಿ ಅದು ಯಾವ ದೋಷಸೂಚನೆಯನ್ನೂ ಕೊಡದೆ ತಪ್ಪು ಲೆಕ್ಕವನ್ನು ಒಳಗೆ ಬಿಡಬಹುದು. ಕೂಗಿ ನಿಲ್ಲುವ ಪ್ರೋಗ್ರಾಮಿಗಿಂತ, ನಗುನಗುತ್ತ ತಪ್ಪು ಉತ್ತರವನ್ನು ಕೊಡುತ್ತಲೇ ಹೋಗುವ ಪ್ರೋಗ್ರಾಂ ಹೆಚ್ಚು ಅಪಾಯಕಾರಿಯೆಂಬುದನ್ನು ಪೋರ್ಟ್ ಮಾಡಿದವರೆಲ್ಲರೂ ಬಲ್ಲರು.

ಇದರೊಡನೆ ಪರಸ್ಪರಾವಲಂಬನದ ತೊಡಕೊಂದು ಸೇರಿಕೊಂಡಿತು. ಇಂದು ಯಾವ ತಂತ್ರಾಂಶವೂ ಏಕಾಂಗಿಯಲ್ಲ. ಒಂದೊಂದೂ ಹತ್ತಾರು ಲೈಬ್ರರಿಗಳನ್ನೂ, ಆ ಲೈಬ್ರರಿಗಳು ಮತ್ತೆ ಬೇರೆ ಲೈಬ್ರರಿಗಳನ್ನೂ ಆಶ್ರಯಿಸಿರುತ್ತವೆ. ತಾನು ನೆಚ್ಚಿದ ಲೈಬ್ರರಿಗಳೆಲ್ಲ ಹೊಸ ಪೈಥಾನಿಗೆ ಬಂದ ಮೇಲೆ ತಾನು ಬರುವೆನೆಂದು ತಂತ್ರಾಂಶದವನು ಕಾದನು. ತನ್ನನ್ನು ಬಳಸುವವರು ಹೊಸದನ್ನು ಕೇಳಿದ ಮೇಲೆ ತಾನು ಹೊರಡುವೆನೆಂದು ಲೈಬ್ರರಿಯವನು ಕಾದನು. ಹೊಸದಕ್ಕೆ ಹೋಗಬೇಕೆಂದರೂ ಹಳೆಯದನ್ನು ಬಿಡುವಂತಿರಲಿಲ್ಲವಾದುದರಿಂದ, ಒಂದೇ ಕೋಡ್ ಎರಡರಲ್ಲಿಯೂ ನಡೆಯುವಂತೆ ಬರೆಯುವ ಮಾರ್ಗವನ್ನು ಜನರು ತಾವಾಗಿಯೇ ಕಂಡುಕೊಂಡರು. ಎರಡನ್ನು ಮೂರರಿಂದ ಗುಣಿಸಿದ ಫಲವನ್ನೇ ಹೆಸರಾಗಿಟ್ಟುಕೊಂಡ ‘ಸಿಕ್ಸ್’ ಎಂಬ ಪುಟ್ಟ ಲೈಬ್ರರಿಯು ಎರಡು ಆವೃತ್ತಿಗಳ ನಡುವಣ ಭೇದಗಳನ್ನು ಮರೆಸುವ ಸೇತುವಾಯಿತು. ಪೈಥಾನಿನ ಪಾಲಕರೂ ಹಟಹಿಡಿಯಲಿಲ್ಲ: ತಾವು ತೆಗೆದುಹಾಕಿದ್ದ ಯೂನಿಕೋಡ್ ಸ್ಟ್ರಿಂಗಿನ ಹಳೆಯ ಗುರುತನ್ನು 2012ರ 3.3 ಆವೃತ್ತಿಯಲ್ಲಿ ಮರಳಿ ಅಂಗೀಕರಿಸಿದರು. ಬೈಟುಗಳನ್ನು ಹಳೆಯ ರೀತಿಯಲ್ಲಿ ಜೋಡಿಸುವ ಸೌಕರ್ಯವನ್ನು 2015ರ 3.5 ಆವೃತ್ತಿಯಲ್ಲಿ ಹಿಂದಿರುಗಿಸಿದರು. 2010ರಲ್ಲಿ ಹೊರಬಂದ 2.7 ಆವೃತ್ತಿಯ ಆಯುಷ್ಯವು 2015ಕ್ಕೆ ಮುಗಿಯಬೇಕಾಗಿದ್ದುದನ್ನು ಐದು ವರ್ಷ ಮುಂದಕ್ಕೆ ಹಾಕಿ, 2020ರ ಜನವರಿ 1ರಂದು ಅದರ ಪೋಷಣೆಯನ್ನು ಕೊನೆಗಾಣಿಸಿದರು. ಹೊಸದು ಹೊರಬಂದ ದಿನದಿಂದ ಹಳೆಯದು ವಿರಮಿಸುವವರೆಗೆ ಹನ್ನೊಂದು ವರ್ಷಗಳಿಗೂ ಮೀರಿದ ಕಾಲವು ಕಳೆಯಿತು. ಸುಧಾರಣೆಯು ಆಜ್ಞೆಯಿಂದ ಆಗಲಿಲ್ಲ, ಹಳೆಯದೂ ಹೊಸದೂ ಕೆಲವು ಕಾಲ ಜೊತೆಯಲ್ಲಿ ಬಾಳುವುದಕ್ಕೆ ಎಡೆಯನ್ನು ಕೊಟ್ಟ ಮೇಲೆ ಆಯಿತು ಎಂಬ ಪಾಠವನ್ನು ಈ ಇತಿಹಾಸದಿಂದ ಯಾರು ಬೇಕಾದರೂ ತೆಗೆದುಕೊಳ್ಳಬಹುದು.

ಈ ಹನ್ನೊಂದು ವರ್ಷಗಳಲ್ಲಿ ಯಾರು ಹೇಗೆ ದಾಟಿದರೆಂಬುದನ್ನು ನೋಡಿದರೆ ವಿಷಯದ ಇನ್ನೊಂದು ಮುಖವು ಗೋಚರಿಸುತ್ತದೆ. ಇನ್‌ಸ್ಟಾಗ್ರಾಮ್ ಸಂಸ್ಥೆಯು ತನ್ನ ಕೋಟ್ಯಂತರ ಬಳಕೆದಾರರ ಸೇವೆಯನ್ನು ನಿಲ್ಲಿಸದೆಯೇ 2017ರ ವೇಳೆಗೆ ಹೊಸ ಪೈಥಾನಿಗೆ ಬಂದಿತು; ಡ್ರಾಪ್‌ಬಾಕ್ಸ್ ಸಂಸ್ಥೆಯು, ಪೈಥಾನಿನ ಜನಕನೇ ತನ್ನಲ್ಲಿ ಉದ್ಯೋಗದಲ್ಲಿದ್ದ ಕಾಲದಲ್ಲಿ, 2018ರಲ್ಲಿ ತನ್ನ ಮುಖ್ಯ ತಂತ್ರಾಂಶವನ್ನು ದಾಟಿಸಿತು. ಇವರಿಗೆ ಸಂಬಳಕ್ಕೆ ನಿಂತ ಎಂಜಿನಿಯರುಗಳ ಬಲವಿತ್ತು. ಜಾಲತಾಣಗಳ ನಿರ್ಮಾಣಕ್ಕೆ ಬಳಸುವ ಜಾಂಗೋ 2017ರ ಡಿಸೆಂಬರಿನಲ್ಲಿಯೂ, ವಿಜ್ಞಾನಿಗಳ ಗಣನೆಗೆ ಆಧಾರವಾದ ನಂಪೈ ಅನಂತರವೂ ಹಳೆಯದಕ್ಕೆ ವಿದಾಯ ಹೇಳಿದುವು. ಇವುಗಳ ಹಿಂದೆ ದೊಡ್ಡ ಸಮುದಾಯಗಳಿದ್ದುವು. ಕೋಡಿನ ಇತಿಹಾಸವನ್ನು ಕಾಯ್ದಿಡುವ ಮರ್ಕ್ಯುರಿಯಲ್ ಎಂಬ ತಂತ್ರಾಂಶದ ದಾರಿ ಹೆಚ್ಚು ಕಠಿಣವಾಗಿತ್ತು. ಬೇರೆಯವರ ಕಡತಗಳನ್ನು ಒಂದು ಬೈಟೂ ವ್ಯತ್ಯಾಸವಾಗದಂತೆ ಕಾಪಾಡುವುದೇ ಅದರ ಧರ್ಮವಾದುದರಿಂದ, ಎಲ್ಲವೂ ಪಠ್ಯವೆಂದು ಹೊಸ ಪೈಥಾನ್ ಹೇಳಿದ ಕಡೆಯಲ್ಲೆಲ್ಲ ‘ಇಲ್ಲ, ಇದು ಬೈಟು’ ಎಂದು ಸಾವಿರಾರು ಸ್ಥಳಗಳಲ್ಲಿ ಗುರುತುಹಾಕುತ್ತ ಬಂದು, 2019ರ ಕೊನೆಯಲ್ಲಿ ಅದು ದಡಮುಟ್ಟಿತು. ಎಲೆಕ್ಟ್ರಾನಿಕ್ ಪುಸ್ತಕಗಳನ್ನು ಓದುವ ಅನೇಕ ಕನ್ನಡಿಗರಿಗೂ ಪರಿಚಿತವಾದ ಕ್ಯಾಲಿಬರ್ ತಂತ್ರಾಂಶವನ್ನು 2006ರಲ್ಲಿ ಆರಂಭಿಸಿ ನಡೆಸಿಕೊಂಡು ಬಂದವರು ಭಾರತೀಯರಾದ ಕೋವಿದ್ ಗೋಯಲ್. ಹಳೆಯ ಪೈಥಾನನ್ನು ತಾವೇ ಪೋಷಿಸಿಕೊಳ್ಳಬಲ್ಲೆವೆಂಬ ನಿಲುವನ್ನು ಒಂದು ಕಾಲದಲ್ಲಿ ತಾಳಿದ್ದ ಅವರೂ ಸ್ವಯಂಸೇವಕರ ಸಹಾಯದಿಂದ 2020ರ ಸೆಪ್ಟೆಂಬರಿನಲ್ಲಿ 5.0 ಆವೃತ್ತಿಯನ್ನು ಹೊಸ ಪೈಥಾನಿನಲ್ಲಿಯೇ ಹೊರತಂದರು. ಆಗ ಕ್ಯಾಲಿಬರಿಗೆ ಬೇರೆ ಬೇರೆ ಜನರು ಬರೆದು ಸೇರಿಸಿದ್ದ ಉಪತಂತ್ರಾಂಶಗಳಲ್ಲಿ ಅವುಗಳ ಕರ್ತೃಗಳು ಪೋರ್ಟ್ ಮಾಡದೆ ಬಿಟ್ಟವು ಕೆಲಸಮಾಡದಾದುವು. ದೊಡ್ಡದು ದಾಟಿದಾಗ ಚಿಕ್ಕದು ಹಿಂದುಳಿಯುವುದು ಹೀಗೆ.

ಪೋರ್ಟಿಂಗ್ ಎಂಬ ಕೆಲಸದ ಸ್ವರೂಪವನ್ನು ಹತ್ತಿರದಿಂದ ಕಾಣದವರಿಗೆ ಅದು ಬರಿಯ ಗುಮಾಸ್ತಗಿರಿಯಂತೆ ತೋರಬಹುದು. ಮೊದಲು ಮಾಡಬೇಕಾದದ್ದು ತಿದ್ದುವುದಲ್ಲವೇ ಅಲ್ಲ. ಪ್ರೋಗ್ರಾಂ ಈಗ ಏನು ಮಾಡುತ್ತಿದೆಯೆಂಬುದನ್ನು ನಿಶ್ಚಯಪಡಿಸುವ ಟೆಸ್ಟುಗಳನ್ನು ಬರೆಯುವುದು. ಆ ಟೆಸ್ಟುಗಳಿಲ್ಲದೆ ತಿದ್ದಲು ಹೊರಟವನಿಗೆ ತಾನು ಕೆಡಿಸಿದ್ದೇನು, ಮೊದಲೇ ಕೆಟ್ಟಿದ್ದದ್ದೇನು ಎಂಬುದೇ ತಿಳಿಯದು. ಅನಂತರ ಆಶ್ರಯಿಸಿದ ಲೈಬ್ರರಿಗಳ ಪಟ್ಟಿಯನ್ನು ಮಾಡಿ, ಯಾವುದು ಬದುಕಿದೆ, ಯಾವುದನ್ನು ಅದರ ಕರ್ತೃವೇ ಕೈಬಿಟ್ಟಿದ್ದಾನೆ, ಕೈಬಿಟ್ಟದ್ದಕ್ಕೆ ಬದಲು ಯಾವುದು ಎಂದು ಗೊತ್ತುಮಾಡಿಕೊಳ್ಳಬೇಕು. ಎಂದೋ ಬಿಟ್ಟುಹೋದ ಅಪರಿಚಿತನೊಬ್ಬನ ಕೋಡನ್ನು ಓದಿ, ಅವನು ಹೀಗೇಕೆ ಬರೆದನೆಂಬುದನ್ನು ಅವನ ಮೌನದಿಂದಲೇ ತರ್ಕಿಸಿ, ಆ ಅಭಿಪ್ರಾಯಕ್ಕೆ ಭಂಗಬಾರದಂತೆ ಹೊಸ ರೂಪವನ್ನು ಕೊಡಬೇಕು. ಅದು ಹಳೆಯದರಲ್ಲಿಯೂ ಹೊಸದರಲ್ಲಿಯೂ ಸಮಾನವಾಗಿ ನಡೆಯುವುದೆಂದು ತೋರಿಸಬೇಕು. ಪ್ರಾಚೀನ ಗ್ರಂಥದ ಸಂಪಾದಕನಿಗೆ ಬೇಕಾದ ತಾಳ್ಮೆ, ವಿವೇಕ, ಸ್ವಂತ ಪ್ರತಿಭೆಯನ್ನು ಅಡಗಿಸಿಟ್ಟುಕೊಳ್ಳುವ ಸಂಯಮ, ಇವೆಲ್ಲವೂ ಇಲ್ಲಿ ಬೇಕು. ಇಷ್ಟೆಲ್ಲ ಆದ ಮೇಲೆ ದೊರೆಯುವ ಫಲವಾದರೂ ಏನು? ನಿನ್ನೆ ನಡೆದಂತೆಯೇ ಇಂದೂ ನಡೆಯಿತು ಎಂಬುದಷ್ಟೇ. ಕೆಲಸವು ಎಷ್ಟು ಚೆನ್ನಾಗಿ ಆದರೆ ಅಷ್ಟರಮಟ್ಟಿಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

2020ಕ್ಕೆ ಈ ಪರ್ವವು ಮುಗಿಯಿತೆಂದು ನಿಟ್ಟುಸಿರುಬಿಟ್ಟವರಿಗೂ ವಿರಾಮವು ದೊರೆಯಲಿಲ್ಲ. 3.9 ಆವೃತ್ತಿಯಿಂದೀಚೆಗೆ ಪೈಥಾನ್ ಪ್ರತಿ ವರ್ಷವೂ ಅಕ್ಟೋಬರಿನಲ್ಲಿ ಒಂದೊಂದು ಹೊಸ ಆವೃತ್ತಿಯನ್ನು ಹೊರತರುತ್ತದೆ. ಒಂದೊಂದಕ್ಕೂ ಸುಮಾರು ಐದು ವರ್ಷಗಳ ಪೋಷಣೆ. ಇವು ಎರಡರಿಂದ ಮೂರಕ್ಕೆ ಆದಂಥ ಮಹಾಪಲ್ಲಟಗಳಲ್ಲವಾದರೂ, ಒಂದೊಂದರಲ್ಲಿಯೂ ಏನಾದರೊಂದು ತೆಗೆದುಹಾಕಲ್ಪಡುತ್ತದೆ. 2018ರ 3.7ರಲ್ಲಿ ‘ಅಸಿಂಕ್’ ಎಂಬುದು ಭಾಷೆಯ ಕಾದಿರಿಸಿದ ಪದವಾದಾಗ, ಅದೇ ಹೆಸರಿನ ಕಡತವನ್ನು ಒಳಗಿಟ್ಟುಕೊಂಡಿದ್ದ ಸೆಲರಿ ಎಂಬ ಪ್ರಸಿದ್ಧ ಲೈಬ್ರರಿಯು ಕಡತದ ಹೆಸರನ್ನೇ ಬದಲಿಸಬೇಕಾಯಿತು. ಕೆಲವು ಹಳೆಯ ಹೆಸರುಗಳು ಮುಂದೆ ಇರುವುದಿಲ್ಲವೆಂದು 2012ರಲ್ಲಿಯೇ ಸಾರಿ, 2021ರ 3.10ರಲ್ಲಿ ಅವನ್ನು ತೆಗೆದಾಗ, ಒಂಬತ್ತು ವರ್ಷಗಳ ಎಚ್ಚರಿಕೆಯನ್ನು ಓದದೆ ಬಿಟ್ಟಿದ್ದ ಎಷ್ಟೋ ಪ್ರೋಗ್ರಾಂಗಳು ನಿಂತುವು. ತಂತ್ರಾಂಶಗಳನ್ನು ಕಟ್ಟಿ ಹಂಚುವುದಕ್ಕೆ ದಶಕಗಳಿಂದ ಆಧಾರವಾಗಿದ್ದ ‘ಡಿಸ್ಟ್‌ಯುಟಿಲ್ಸ್’ 2023ರ 3.12ರಲ್ಲಿ ಹೋಯಿತು, 2024ರ 3.13ರಲ್ಲಿ ಬಳಕೆತಪ್ಪಿದವೆಂದು ಎಣಿಸಲ್ಪಟ್ಟ ಇನ್ನೂ 19 ಮಾಡ್ಯೂಲುಗಳು ಹೋದುವು. ಎರಡರಿಂದ ಮೂರಕ್ಕೆ ತರ್ಜುಮೆಮಾಡುತ್ತಿದ್ದ ಆ ಮೊದಲ ಉಪಕರಣವೂ ಅದೇ ವರ್ಷ ಅವುಗಳ ಜೊತೆಯಲ್ಲಿಯೇ ನಿರ್ಗಮಿಸಿತು. ಹೀಗೆ ಪೋರ್ಟಿಂಗ್ ಎಂಬುದು ಒಮ್ಮೆ ಮಾಡಿ ಮುಗಿಸುವ ಸಾಹಸವಾಗಿ ಉಳಿಯದೆ, ವರ್ಷವರ್ಷವೂ ಬರುವ ನಿತ್ಯಕರ್ಮವಾಗಿ ಪರಿಣಮಿಸಿದೆ.

ಹಾಗಿದ್ದಲ್ಲಿ ಬದಲಾಯಿಸುವುದೇ ಏಕೆ, ನಡೆಯುತ್ತಿರುವುದನ್ನು ನಡೆಯಲು ಬಿಡಬಾರದೇಕೆ ಎಂಬ ಆಕ್ಷೇಪಣೆಯು ನ್ಯಾಯವಾದದ್ದೇ. ಅದನ್ನು ಲಘುವಾಗಿ ತಳ್ಳಿಹಾಕುವುದು ಸಲ್ಲದು. ಕೆಲಸದ ಮಧ್ಯದಲ್ಲಿರುವ ಬಳಕೆದಾರನಿಗೆ ಭಾಷೆಯ ಸೌಷ್ಠವದಿಂದ ಆಗಬೇಕಾದ್ದೇನೂ ಇಲ್ಲ. ಆದರೂ ಎರಡು ಮಾತುಗಳನ್ನು ಎದುರಿಗಿಡಬೇಕಾಗುತ್ತದೆ. ಪೋಷಣೆ ನಿಂತ ಆವೃತ್ತಿಯಲ್ಲಿ ಭದ್ರತೆಯ ದೋಷವೊಂದು ಪತ್ತೆಯಾದರೆ ಅದನ್ನು ಮುಚ್ಚುವವರು ಇರುವುದಿಲ್ಲವಾದುದರಿಂದ, ಜಾಲಕ್ಕೆ ತೆರೆದುಕೊಂಡಿರುವ ಹಳೆಯ ಪ್ರೋಗ್ರಾಂ ತನ್ನ ಯಜಮಾನನಿಗೆ ಮಾತ್ರವಲ್ಲದೆ ಅವನನ್ನು ನಂಬಿ ತಮ್ಮ ವಿವರಗಳನ್ನು ಒಪ್ಪಿಸಿದವರಿಗೂ ಅಪಾಯವನ್ನು ತಂದೊಡ್ಡುತ್ತದೆ. ಎರಡನೆಯದಾಗಿ, ಭಾಷೆಯನ್ನು ಪಾಲಿಸುವವರಲ್ಲಿಯೂ ಬಹುಮಂದಿ ಸ್ವಯಂಸೇವಕರೇ. ಹಳೆಯ ಆವೃತ್ತಿಗಳನ್ನೆಲ್ಲ ಅನಂತಕಾಲ ಹೊರುವಂತೆ ಅವರನ್ನು ನಿರ್ಬಂಧಿಸುವುದು, ಒಬ್ಬರ ಅನುಕೂಲದ ಬೆಲೆಯನ್ನು ಇನ್ನೊಬ್ಬರ ರಾತ್ರಿಯ ನಿದ್ರೆಯಿಂದ ಸಲ್ಲಿಸಿದಂತೆ. ಆದಕಾರಣ ಬದಲಾವಣೆಯನ್ನು ನಿಲ್ಲಿಸೆಂದು ಕೂಗುವುದು ವ್ಯರ್ಥ. ಬದಲಾವಣೆಯ ಹೊರೆಯನ್ನು ಯಾರು ಯಾರು ಎಷ್ಟೆಷ್ಟು ಹೊರಬೇಕೆಂಬುದೇ ನಿಜವಾದ ಪ್ರಶ್ನೆ.

ಈ ಪ್ರಶ್ನೆಗೆ ನಮ್ಮ ನಾಡಿನ ಶಾಸನಗಳಲ್ಲಿಯೇ ಒಂದು ಉತ್ತರವು ಕಲ್ಲಿನಮೇಲೆ ಬರೆದಿದೆ. ದೇವಾಲಯವನ್ನು ಕಟ್ಟಿಸಿದ ಅರಸನೋ ದಂಡನಾಯಕನೋ ಸೆಟ್ಟಿಯೋ, ನಿತ್ಯಪೂಜೆಗೆ, ನಂದಾದೀಪಕ್ಕೆ, ಅಲ್ಲಿಯ ತಪಸ್ವಿಗಳ ಆಹಾರಕ್ಕೆ ಭೂಮಿಯನ್ನು ದತ್ತಿಬಿಡುವಾಗ, ಅದೇ ಶಾಸನದಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದೂ, ಅಂದರೆ ಒಡೆದುದನ್ನೂ ಬಿರುಕುಬಿಟ್ಟುದನ್ನೂ ಸರಿಪಡಿಸುವುದಕ್ಕೆಂದೂ, ದತ್ತಿಯನ್ನು ಬಿಡುವುದು ಕರ್ನಾಟಕದಲ್ಲಿ ಶತಮಾನಗಳ ಕಾಲ ನಡೆದುಬಂದ ರೂಢಿ. ಕಟ್ಟಡವು ಹೊಸದಾಗಿ ಹೊಳೆಯುತ್ತಿರುವ ದಿನದಲ್ಲಿಯೇ, ಅದು ಒಂದು ದಿನ ಬಿರಿಯುವುದೆಂಬುದನ್ನು ಒಪ್ಪಿಕೊಂಡು ಅದಕ್ಕೆ ಆದಾಯದ ಮೂಲವನ್ನು ಗೊತ್ತುಮಾಡಿದ ಆ ದಾನಿಗಳ ದೂರದೃಷ್ಟಿಯು, ನಮ್ಮ ಕಾಲದ ತಂತ್ರಾಂಶಪ್ರಪಂಚಕ್ಕೆ ಬಂದಿಲ್ಲ. ಇಲ್ಲಿ ಕಟ್ಟುವವರು ಉದಾರಿಗಳೇ. ತಾವು ಕಟ್ಟಿದ್ದನ್ನು ಜಗತ್ತಿಗೇ ಧಾರೆಯೆರೆಯುತ್ತಾರೆ. ಸ್ವೀಕರಿಸುವವರು ಮಾತ್ರ ಅದರ ದುರಸ್ತಿಗೆ ಒಂದು ಗುಂಟೆಯನ್ನೂ ಉಂಬಳಿಬಿಟ್ಟಿಲ್ಲ. ಸಾವಿರಾರು ಸಂಸ್ಥೆಗಳ ಲಾಭಕ್ಕೆ ತಳಪಾಯವಾದ ಲೈಬ್ರರಿಯೊಂದನ್ನು, ಹಗಲು ಬೇರೆಲ್ಲಿಯೋ ದುಡಿದು ರಾತ್ರಿ ತನ್ನ ಮನೆಯ ಮೂಲೆಯಲ್ಲಿ ಕುಳಿತು ಒಬ್ಬನೇ ಒಬ್ಬ ಮೇಂಟೇನರ್, ಅಂದರೆ ಅದರ ಪಾಲಕ, ಪೋರ್ಟ್ ಮಾಡುತ್ತಿರುವುದೂ, ಹೊಸ ಪೈಥಾನ್ ಬಂದ ವಾರವೇ ಇನ್ನೂ ಏಕೆ ಆಗಿಲ್ಲವೆಂದು ಅವನನ್ನು ಗದರಿಸುವವರು ಹುಟ್ಟಿಕೊಳ್ಳುವುದೂ ಈ ಪ್ರಪಂಚದಲ್ಲಿ ಅಪರೂಪವಲ್ಲ. ಅವನು ಒಂದು ದಿನ ಬೇಸತ್ತು ಕೈಬಿಟ್ಟರೆ, ತಪ್ಪನ್ನು ಅವನ ಮೇಲೆ ಹೊರಿಸಲು ಯಾರಿಗೆ ಅಧಿಕಾರವಿದೆ?

ಎಚ್ಚತ್ತವರು ಇಲ್ಲದೆ ಇಲ್ಲ. ಜರ್ಮನಿಯ ಸರ್ಕಾರವು 2022ರಲ್ಲಿ ಸಾವರಿನ್ ಟೆಕ್ ಫಂಡ್ ಎಂಬ ನಿಧಿಯನ್ನು ಆರಂಭಿಸಿ, ಸೇತುವೆ ರಸ್ತೆಗಳಂತೆಯೇ ಸಾರ್ವಜನಿಕ ಜೀವನಕ್ಕೆ ಆಧಾರವಾದ ಮುಕ್ತ ತಂತ್ರಾಂಶಗಳ ಪೋಷಣೆಗೆ ರಾಜ್ಯದ ಹಣವನ್ನೇ ವಿನಿಯೋಗಿಸುತ್ತಿದೆ. ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆಯಾದ ಜೆರೋಧಾ 2024ರಲ್ಲಿ, ಪ್ರಪಂಚದ ಯಾವ ಮೂಲೆಯ ಮುಕ್ತ ತಂತ್ರಾಂಶಕ್ಕಾದರೂ ಸಲ್ಲಬಹುದಾದ, ವರ್ಷಕ್ಕೆ 10 ಲಕ್ಷ ಡಾಲರುಗಳ ನಿಧಿಯೊಂದನ್ನು ಘೋಷಿಸಿದ್ದು ನಮ್ಮ ನಗರಕ್ಕೆ ಭೂಷಣವಾದ ಸಂಗತಿ. ಆದರೆ ಪೈಥಾನಿನಿಂದಲೂ ಅದರ ನೆರೆಹೊರೆಯ ಮುಕ್ತ ತಂತ್ರಾಂಶಗಳಿಂದಲೂ ಅನ್ನವನ್ನುಣ್ಣುವ ಸಂಸ್ಥೆಗಳು ಬೆಂಗಳೂರಿನಲ್ಲಿ ಅಸಂಖ್ಯಾತವಾಗಿರುವಾಗ, ಇಂಥ ನಿದರ್ಶನಗಳನ್ನು ಬೆರಳೆಣಿಸಿ ಹೇಳಬೇಕಾಗಿರುವುದು ಅಷ್ಟೇ ಸಂಕೋಚದ ಸಂಗತಿ. ಹಣವೇ ಆಗಬೇಕೆಂದೇನೂ ಇಲ್ಲ. ತಾನು ಬಳಸುವ ಲೈಬ್ರರಿಯನ್ನು ಮುಂದಿನ ಆವೃತ್ತಿಗೆ ಒಗ್ಗಿಸುವ ಕೆಲಸವನ್ನು ತನ್ನ ಎಂಜಿನಿಯರುಗಳಿಗೆ ಸಂಬಳದ ವೇಳೆಯಲ್ಲಿಯೇ ಮಾಡಲು ಬಿಟ್ಟು, ಮಾಡಿದ ತಿದ್ದುಪಾಟನ್ನು ತನ್ನಲ್ಲಿಯೇ ಬಚ್ಚಿಟ್ಟುಕೊಳ್ಳದೆ ಮೂಲಕ್ಕೆ ಹಿಂದಿರುಗಿಸುವುದು ಹಣಕ್ಕಿಂತಲೂ ಶ್ರೇಷ್ಠವಾದ ದತ್ತಿ. ಮೇಂಟೇನರಿಗೆ ಕೊರತೆಯಾಗಿರುವುದು ಎಲ್ಲಕ್ಕಿಂತ ಹೆಚ್ಚಾಗಿ ಕೈಗಳೇ.

ಸರ್ಕಾರದ ಹೊಣೆಯೂ ಕಡಮೆಯದಲ್ಲ. ಭಾರತ ಸರ್ಕಾರವು 2015ರಲ್ಲಿಯೇ ತನ್ನ ಕಾರ್ಯಗಳಿಗೆ ಓಪನ್ ಸೋರ್ಸ್ ತಂತ್ರಾಂಶಗಳಿಗೆ ಆದ್ಯತೆ ಕೊಡತಕ್ಕದ್ದೆಂಬ ನೀತಿಯನ್ನು ಪ್ರಕಟಿಸಿತು. ಬಳಕೆಗೆ ಕೊಟ್ಟ ಈ ಪ್ರಾಶಸ್ತ್ಯವು ಪಾಲನೆಗೂ ದೊರೆಯಬೇಕಾದದ್ದು ನ್ಯಾಯ. ತಂತ್ರಾಂಶವೊಂದನ್ನು ಮಾಡಿಸಿಕೊಳ್ಳುವ ಕರಾರಿನಲ್ಲಿ, ಉದ್ಘಾಟನೆಯ ದಿನಾಂಕದಷ್ಟೇ ಸ್ಪಷ್ಟವಾಗಿ, ಅದನ್ನು ಮುಂದಿನ ಆವೃತ್ತಿಗಳಿಗೆ ದಾಟಿಸುವವರು ಯಾರು, ಎಷ್ಟು ವರ್ಷ, ಯಾವ ವೆಚ್ಚದಲ್ಲಿ ಎಂಬುದನ್ನೂ ಬರೆಯತಕ್ಕದ್ದು. ಕನ್ನಡದ ಮಟ್ಟಿಗೆ ಈ ಮಾತಿಗೆ ವಿಶೇಷವಾದ ಔಚಿತ್ಯವಿದೆ. ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪುಸ್ತಕಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು, ಪದಗಳನ್ನು ಎಣಿಸಿ ವಿಂಗಡಿಸುವ ಉಪಕರಣಗಳು, ವಿಕಿಪೀಡಿಯದ ಕೆಲಸವನ್ನು ಹಗುರಮಾಡುವ ಬಾಟುಗಳು, ಇವುಗಳಲ್ಲಿ ಎಷ್ಟೋ ಪೈಥಾನಿನಲ್ಲಿಯೇ ಬರೆಯಲ್ಪಟ್ಟವು, ಬರೆದವರು ಸ್ವಂತ ಉತ್ಸಾಹದಿಂದ ದುಡಿದ ಸ್ವಯಂಸೇವಕರು. ಇಂಗ್ಲಿಷಿನ ಲೈಬ್ರರಿಯೊಂದು ಅನಾಥವಾದರೆ ಅದನ್ನು ಎತ್ತಿಕೊಳ್ಳಲು ಜಗತ್ತಿನ ಯಾವುದೋ ಮೂಲೆಯಿಂದ ಒಬ್ಬನು ಬಂದೇ ಬರುವನು. ಕನ್ನಡದ್ದು ಅನಾಥವಾದರೆ ಕನ್ನಡಿಗನೇ ಬರಬೇಕು.

ಬರತಕ್ಕವರು ಎಲ್ಲಿದ್ದಾರೆಂದು ಹುಡುಕಿಕೊಂಡು ಬಹುದೂರ ಹೋಗಬೇಕಾಗಿಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವರ್ಷವರ್ಷವೂ ಸಾವಿರಾರು ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ಹೊಚ್ಚಹೊಸ ತಂತ್ರಾಂಶಗಳನ್ನು ನಿರ್ಮಿಸುತ್ತಾರೆ. ಅವುಗಳಲ್ಲಿ ಬಹುಪಾಲು ವೈವಾ ಮುಗಿದ ಸಂಜೆಯೇ ಅವಸಾನಹೊಂದುತ್ತವೆ. ಇವುಗಳ ಬದಲು, ಸಾವಿರಾರು ಜನರು ನಿಜವಾಗಿ ಬಳಸುತ್ತಿರುವ ಲೈಬ್ರರಿಯೊಂದಕ್ಕೆ ಟೆಸ್ಟುಗಳನ್ನು ಬರೆದು, ಅದನ್ನು ಈಚಿನ ಪೈಥಾನಿಗೆ ಪೋರ್ಟ್ ಮಾಡಿ, ಅದರ ಮೇಂಟೇನರ್ ಒಪ್ಪುವಂತೆ ತಿದ್ದಿತೀಡಿ ಸಲ್ಲಿಸಿದ ಕೆಲಸವನ್ನು ಪ್ರಾಜೆಕ್ಟೆಂದು ಪರಿಗಣಿಸಿ ಪೂರ್ಣ ಅಂಕಗಳಿಗೆ ಅರ್ಹವೆಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದಂಥ ಸಂಸ್ಥೆಯು ಸ್ಪಷ್ಟವಾಗಿ ಸಾರಿದರೆ, ಆಗುವ ಪ್ರಯೋಜನವು ಇಮ್ಮಡಿಯಾದದ್ದು. ಪರರ ಕೋಡನ್ನು ಓದುವುದು, ಪರರ ವಿಮರ್ಶೆಯನ್ನು ಸಹಿಸಿ ತಿದ್ದಿಕೊಳ್ಳುವುದು, ಚಿಕ್ಕ ಬದಲಾವಣೆಗೂ ಕಾರಣವನ್ನು ಬರೆದು ಒಪ್ಪಿಸುವುದು, ಮುಂದೆ ಉದ್ಯೋಗದಲ್ಲಿ ನಿತ್ಯವೂ ಬೇಕಾಗುವ ಈ ವಿದ್ಯೆಗಳನ್ನು ಕಲಿಸುವ ಪಾಠಶಾಲೆ ಇದಕ್ಕಿಂತ ಬೇರೊಂದಿಲ್ಲ. ನಿನ್ನ ಹೊಸ ಕಲ್ಪನೆಯೇನು ಎಂದು ಮಾತ್ರ ಕೇಳುವ ಪರೀಕ್ಷಕನು, ಯಾವುದನ್ನು ಉಳಿಸಿದೆ ಎಂದೂ ಕೇಳುವುದನ್ನು ಅಭ್ಯಾಸಮಾಡಿಕೊಳ್ಳಲಿ.

ಪೈಥಾನಿನ ಮುಂದಿನ ಆವೃತ್ತಿಯು ಬರುವ ಅಕ್ಟೋಬರಿನಲ್ಲಿಯೂ ಬರುತ್ತದೆ. ಅದರ ಮುಂದಿನ ಅಕ್ಟೋಬರಿನಲ್ಲಿಯೂ ಬರುತ್ತದೆ. ತಂತ್ರಾಂಶವನ್ನು ಬಳಸುವ ಪ್ರತಿಯೊಂದು ಕಚೇರಿಯ ಮುಖ್ಯಸ್ಥರೂ ಅಷ್ಟರೊಳಗೆ ತಮ್ಮವರನ್ನು ಮೂರು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಬರೆದಿಟ್ಟುಕೊಳ್ಳಲಿ: ನಾವು ನೆಚ್ಚಿರುವ ಮುಕ್ತ ತಂತ್ರಾಂಶಗಳು ಯಾವುವು, ಅವನ್ನು ನೋಡಿಕೊಳ್ಳುತ್ತಿರುವವರು ಯಾರು, ಕಳೆದ ವರ್ಷ ಅವರಿಗೆ ನಾವು ಕೊಟ್ಟದ್ದೇನು? ಮೂರನೆಯದಕ್ಕೆ ಉತ್ತರವು ಶೂನ್ಯವೆಂದಾದರೆ, ಈ ವರ್ಷದ ಆಯವ್ಯಯದಲ್ಲಿ ಅದಕ್ಕೊಂದು ಸಾಲನ್ನು ಸೇರಿಸುವುದು ದಾನವಲ್ಲ, ತೀರಿಸದೆ ಉಳಿಸಿಕೊಂಡಿರುವ ಬಾಕಿಯ ಪಾವತಿ.